ಮಳೆಗಾಲದ ಮನೆಯಲ್ಲಿ ವಚನಶ್ರವಣ

ಕುಂದಾಪುರ, ಬೈಂದೂರು, ಬ್ರಹ್ಮಾವರದ ಕಡೆ ಆಷಾಢದ ಮಳೆ ಹಂಚಿನ ಮಾಡಿನ ಮೇಲೆ ಸುರಿಯತೊಡಗಿದರೆ, ಮನೆಯೊಳಗೆ ಹಚ್ಚಿದ ವಚನಗಾಯನದ ಸೊಲ್ಲು ಕೇಳಿಸದು. ಧ್ವನಿ ಏರಿಸಿದರೆ ಓದುವ ಮಕ್ಕಳಿಗೆ ತೊಂದರೆ. ಇಂಥಲ್ಲಿ ಹಿಂಬದಿ ಮುಚ್ಚಿದ ಹೆಡ್‌ಫೋನು ಉಪಯುಕ್ತ. ಕಿವಿಯನ್ನು ಪೂರ್ತಿ ಆವರಿಸುವ ಅದರ ಬಟ್ಟಲು ಹೊರಗಿನ ಸದ್ದನ್ನು ತಗ್ಗಿಸುತ್ತದೆ. ಒಳಗಿನ ಗಾಯನವೂ ಹೊರಗೆ ಹೆಚ್ಚು ಸೋರದು.

ಕೊಳ್ಳುವ ಮೊದಲು ನಮ್ಮ ಅಭಿರುಚಿಯನ್ನು ನಾವು ಅರಿಯಬೇಕು. ಮಲ್ಲಿಕಾರ್ಜುನ ಮನ್ಸೂರರ (1910–1992) ವಚನಗಾಯನಕ್ಕೆ ಕಂಠ ಸ್ಪಷ್ಟವಾಗಿ ಕೇಳಿಸುವಂಥದು ಬೇಕು. ಮಂದ್ರನಾದವನ್ನು ಉಬ್ಬಿಸುವ ಸಾಧನದಲ್ಲಿ ಮಾತು ಮಸುಕಾಗುತ್ತದೆ. ಬಡಗುತಿಟ್ಟಿನ ಯಕ್ಷಗಾನಪ್ರಿಯರು ಚಂಡೆಯ ಪೆಟ್ಟು ಕಿವಿಗೆ ಚುಚ್ಚದೆ, ಮದ್ದಳೆಯ ನಾದ ತುಂಬಿ ಬರುವುದನ್ನು ಆರಿಸಲಿ. ಅಂಗಡಿಯಲ್ಲಿ ನಮ್ಮದೇ ಹಾಡನ್ನು ಕಾಲುಗಂಟೆ ಕೇಳಿ ನೋಡುವುದು ಒಳಿತು. ಕನ್ನಡಕ ಧರಿಸುವ ಹಿರಿಯರು ಅದನ್ನು ಧರಿಸಿಯೇ ಪರೀಕ್ಷಿಸಲಿ. ಸಂದು ಬಿಟ್ಟರೆ ಮಂದ್ರನಾದ ಕುಗ್ಗುತ್ತದೆ.

ಮೊಬೈಲಿಗೆ ನೇರವಾಗಿ ಜೋಡಿಸುವುದಾದರೆ ಸಾಮಾನ್ಯವಾಗಿ 32 ಓಮಿನ ಆಸುಪಾಸಿನದು ಸಾಕು. 250 ಓಮಿನದಕ್ಕೆ ಆಂಪ್ಲಿಫೈಯರಿನ ಖರ್ಚೂ ಸೇರೀತು. ಕರಾವಳಿಯ ಸೆಕೆ, ಬೆವರಿಗೆ ಕೃತಕ ಚರ್ಮದ ಮೆತ್ತೆ ಬೇಗ ಸುಲಿಯುತ್ತದೆ. ಮೆತ್ತೆ, ತಂತಿ ಎರಡನ್ನೂ ಬದಲಿಸಬಹುದಾದದ್ದನ್ನು ಕೊಂಡರೆ ಹಣ ಉಳಿಯುತ್ತದೆ.

ಹೊರಗಿನ ಸದ್ದು ತಗ್ಗಿದಾಗ ಧ್ವನಿ ಏರಿಸಬೇಕಿಲ್ಲ ಎಂಬುದೇ ದೊಡ್ಡ ಲಾಭ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ವಯಸ್ಕರಿಗೆ ವಾರಕ್ಕೆ 40 ಗಂಟೆ, 80 ಡೆಸಿಬೆಲ್ ಮಿತಿ. ಮಕ್ಕಳಿಗೆ ಅಷ್ಟೇ ಅವಧಿಗೆ 75. ನಷ್ಟವಾದ ಶ್ರವಣಶಕ್ತಿ ಮರಳುವುದು ದುರ್ಲಭ. ಶರಣರು ಕಾಯವನ್ನು ಪ್ರಸಾದಕಾಯವೆಂದರು. ಕಿವಿಯೂ ಅದರ ಅಂಗವಲ್ಲವೇ? ಏಕಾಂತದಲ್ಲಿ ಮಿತವಾಗಿ ಕೇಳೋಣ. ಮನೆಮಂದಿಯೆಲ್ಲ ಕೂಡಿದಾಗ ಹೆಡ್‌ಫೋನನ್ನು ಬದಿಗಿಟ್ಟು ಒಟ್ಟಾಗಿ ಹಾಡೋಣ.