ಟಿಪೋನ್: ಐನೂರು ವರ್ಷ ದಾಟಿದರೂ ಹರಿಯುವ ನೀರು



ಇಂಕಾ ಜನರ ಹೆಸರು ಹೇಳಿದ ಕೂಡಲೇ ಎಲ್ಲರಿಗೂ ನೆನಪಾಗುವುದು ಮಾಚು ಪಿಚು. ಮೋಡದ ನಡುವಿನ ಆ ಕಲ್ಲಿನ ಊರಿನ ಫೋಟೋ ನೋಡದವರು ಕಡಿಮೆ. ಆದರೆ ಪೆರು ದೇಶದಲ್ಲಿ ಅಷ್ಟು ಜನ ಹೋಗದ, ವಿಜ್ಞಾನ ಕಲಿಯುವವರಿಗಂತೂ ತುಂಬಾ ಹೇಳುವ ಜಾಗಗಳು ಇನ್ನೂ ಎಷ್ಟೋ ಇವೆ. ಅದರಲ್ಲಿ ಒಂದು ಟಿಪೋನ್. ಬೆಳಿಗ್ಗೆ ಹೊರಟರೆ ಸಂಜೆಗೆ ನಡೆದು ಮುಗಿಸಬಹುದು. ಅಟ್ಲಾಸ್ ತೆರೆದಿಟ್ಟುಕೊಳ್ಳಿ, ಒಟ್ಟಿಗೇ ಹತ್ತೋಣ.

ಹೊರಡುವ ಮುಂಚೆ

ಮೊದಲು ಕುಸ್ಕೊ ನಗರ ಹುಡುಕಿ. ಇಂಕಾಗಳ ರಾಜಧಾನಿ ಇದೇ. ಭೂಮಧ್ಯರೇಖೆಯಿಂದ ಸುಮಾರು 13 ಡಿಗ್ರಿ ದಕ್ಷಿಣಕ್ಕಿದೆ. ನಮ್ಮ ಕಾಸರಗೋಡು ಸುಮಾರು 12 ಡಿಗ್ರಿ ಉತ್ತರಕ್ಕಿದೆ. ದೂರ ಹೆಚ್ಚುಕಡಿಮೆ ಒಂದೇ, ಹಾಗಿದ್ದರೆ ಅಲ್ಲೂ ಇಲ್ಲಿಯಷ್ಟೇ ಸೆಕೆ ಇರಬೇಕಲ್ವಾ? ಇಲ್ಲ. ಕುಸ್ಕೊ ಇರುವುದು ಸಮುದ್ರಮಟ್ಟದಿಂದ ಸುಮಾರು 3,400 ಮೀಟರ್ ಎತ್ತರದಲ್ಲಿ. ಒಂದು ಕಿಲೋಮೀಟರ್ ಮೇಲೆ ಹೋದರೆ ಉಷ್ಣತೆ ಸರಾಸರಿ 6.5 ಡಿಗ್ರಿ ಸೆಲ್ಸಿಯಸ್ ಇಳಿಯುತ್ತದೆ. 3.4ರಿಂದ ಗುಣಿಸಿ ನೋಡಿ, ಉತ್ತರ ಸುಮಾರು 22 ಡಿಗ್ರಿ!

ಇನ್ನೊಂದು ವಿಷಯ. ಎತ್ತರದಲ್ಲಿ ಆಮ್ಲಜನಕದ ಪಾಲು ಕಡಿಮೆ ಅಂತ ಬಹಳ ಮಂದಿ ಹೇಳುತ್ತಾರೆ. ಹಾಗಲ್ಲ. ಗಾಳಿಯಲ್ಲಿ ಆಮ್ಲಜನಕ ಅಲ್ಲೂ ಶೇಕಡ 21 ಇದೆ. ಕಡಿಮೆಯಾಗುವುದು ಗಾಳಿಯ ಒತ್ತಡ. ಅಲ್ಲಿನ ಒತ್ತಡ ಸಮುದ್ರಮಟ್ಟದ ಮೂರನೇ ಎರಡು ಭಾಗದಷ್ಟು ಮಾತ್ರ. ಹಾಗಾಗಿ ಒಂದು ಉಸಿರಿಗೆ ಒಳಬರುವ ಆಮ್ಲಜನಕದ ಅಣುಗಳು ಕಡಿಮೆ. ಹೊಸಬರಿಗೆ ತಲೆನೋವು, ಏದುಸಿರು ಬರುವುದು ಇದಕ್ಕೇ. ಗೈಡ್‌ಗಳು ನಿಧಾನವಾಗಿ ನಡೆಯಿರಿ, ನೀರು ಕುಡಿಯುತ್ತಿರಿ ಅಂತ ಮತ್ತೆ ಮತ್ತೆ ಹೇಳುವುದೂ ಇದಕ್ಕೇ. ಒತ್ತಡ ಇಳಿದದ್ದರಿಂದ ನೀರು ಅಲ್ಲಿ ಸುಮಾರು 89 ಡಿಗ್ರಿಗೇ ಕುದಿಯುತ್ತದೆ. ಆಲೂಗಡ್ಡೆ ಬೇಯಲು ಜಾಸ್ತಿ ಹೊತ್ತು ಬೇಕು.

ಅಂದ ಹಾಗೆ, ನಾವು ತಿನ್ನುವ ಆಲೂಗಡ್ಡೆಯ ತವರು ಈ ಆಂಡೀಸ್ ಪರ್ವತಗಳೇ.

ಒರತೆಯ ಬಳಿ

ಕುಸ್ಕೊದಿಂದ ಆಗ್ನೇಯಕ್ಕೆ ಸುಮಾರು 25 ಕಿಲೋಮೀಟರ್ ಹೋದರೆ ಟಿಪೋನ್ ಊರು. ಹೆದ್ದಾರಿ ಬಿಟ್ಟು ಗುಡ್ಡ ಹತ್ತುತ್ತಾ ಹೋದರೆ ಎರಡು ಬೆಟ್ಟಗಳ ನಡುವಿನ ಕಣಿವೆಯಲ್ಲಿ ಒಂದರ ಮೇಲೊಂದು ಹನ್ನೆರಡು-ಹದಿಮೂರು ಅಗಲವಾದ ಮೆಟ್ಟಿಲು ಹೊಲಗಳು ಕಾಣುತ್ತವೆ. ಒಂದೊಂದಕ್ಕೂ ಕಲ್ಲಿನ ಕಟ್ಟೆ. ಹೊಲದಿಂದ ಹೊಲಕ್ಕೆ ಹತ್ತಲು ಗೋಡೆಯಿಂದಲೇ ಹೊರಗೆ ಚಾಚಿದ ಕಲ್ಲುಗಳಿವೆ. ಅವೇ ಮೆಟ್ಟಿಲು, ಬೇರೆ ಏಣಿ ಬೇಡ, ಹೊಲದ ಜಾಗವೂ ಹಾಳಾಗಲ್ಲ.

ಇದು ರಾಜಮನೆತನದ ತೋಟವಾಗಿತ್ತು ಅಂತ ಹೇಳುತ್ತಾರೆ. ವಿರಕೋಚ ಎಂಬ ಇಂಕಾ ಅರಸ ತನ್ನ ತಂದೆಗಾಗಿ ಕಟ್ಟಿಸಿದ ಅನ್ನುವುದು ಪರಂಪರೆಯ ಮಾತು.

ಮೇಲಿನ ಹೊಲಗಳಲ್ಲಿ ಒಂದು ಒರತೆ ಇದೆ. ಅಲ್ಲಿ ಮೇ ತಿಂಗಳಿಂದ ಸೆಪ್ಟೆಂಬರ್ ತನಕ ಮಳೆ ಇಲ್ಲವೆನ್ನುವಷ್ಟು ಕಡಿಮೆ. ಆದರೂ ಒರತೆ ಬತ್ತುವುದಿಲ್ಲ. ಯಾಕೆ? ಹಿಂದೆ ನಿಂತಿರುವ ಪಚಟುಸನ್ ಬೆಟ್ಟದ ಮೇಲೆ ಬಿದ್ದ ಮಳೆ ಮಣ್ಣು, ಬಂಡೆಯ ಬಿರುಕುಗಳೊಳಗೆ ಇಳಿದು ನಿಧಾನವಾಗಿ ಬರುತ್ತದೆ. ಬೆಟ್ಟವೇ ಟ್ಯಾಂಕ್. ಒರತೆಯ ನೀರು ಎಲ್ಲಾ ಹೊಲಗಳಿಗೆ ಸಾಲದು. ಅದಕ್ಕೆ ಪುಕಾರ ಎಂಬ ಹೊಳೆಯಿಂದಲೂ ಕಾಲುವೆ ತಂದಿದ್ದಾರೆ. ಎರಡು ಮೂಲ ಇದ್ದರೆ ಒಂದು ಕೈಕೊಟ್ಟರೂ ಬೆಳೆ ಉಳಿಯುತ್ತದೆ.

ಒಂದು, ಎರಡು, ನಾಲ್ಕು

ಗೈಡ್‌ಗಳು ಜನರನ್ನು ಹೆಚ್ಚು ಹೊತ್ತು ನಿಲ್ಲಿಸುವುದು ಕಾರಂಜಿಯ ಬಳಿ. ಒಂದು ಕಾಲುವೆ ಎರಡಾಗುತ್ತದೆ, ಎರಡು ನಾಲ್ಕಾಗುತ್ತದೆ, ನಾಲ್ಕು ಧಾರೆಗಳು ಸಮನಾಗಿ ಕಲ್ಲಿನ ತೊಟ್ಟಿಗೆ ಬೀಳುತ್ತವೆ. ನೋಡಲು ಸುಲಭ, ಮಾಡಲು ಕಷ್ಟ. ಕಾಲುವೆಯ ತಳ ಒಂದು ಕಡೆ ಸ್ವಲ್ಪ ತಗ್ಗಾದರೂ ಸಾಕು, ನೀರು ಆ ಕಡೆಗೇ ಓಡುತ್ತದೆ. ಇಲ್ಲಿ ಹಾಗಾಗಲಿಲ್ಲ ಅಂದರೆ ಕಲ್ಲು ಕೂರಿಸಿದವರು ಮಟ್ಟವನ್ನು ಎಷ್ಟು ಸೂಕ್ಷ್ಮವಾಗಿ ಹಿಡಿದಿರಬೇಕು!

ಕಾಲುವೆ ಕಿರಿದಾದಲ್ಲಿ ನೀರಿನ ವೇಗ ಹೆಚ್ಚುತ್ತದೆ. ಒಂದು ಸೆಕೆಂಡಿಗೆ ಹರಿಯುವ ನೀರು = ಅಡ್ಡಕೊಯ್ತದ ವಿಸ್ತೀರ್ಣ × ವೇಗ. ನೀರು ಅಷ್ಟೇ, ವಿಸ್ತೀರ್ಣ ಅರ್ಧವಾದರೆ ವೇಗ ಎರಡು ಪಟ್ಟು ಆಗಲೇಬೇಕು. ಪೈಪಿನ ತುದಿಗೆ ಹೆಬ್ಬೆರಳು ಒತ್ತಿದರೆ ನೀರು ಚಿಮ್ಮುವುದು ನಿಮಗೆ ಗೊತ್ತಲ್ಲ. ಹೊಲದಿಂದ ಹೊಲಕ್ಕೆ ನೀರು ಇಳಿಯುವಲ್ಲಿ ಗೋಡೆಯಲ್ಲೇ ಕಲ್ಲಿನ ದಾರಿ ಮಾಡಿದ್ದಾರೆ. ಬೀಳುವ ನೀರಿನ ಸ್ಥಿತಿಶಕ್ತಿ ಚಲನಶಕ್ತಿಯಾಗುತ್ತದೆ. ಆ ಪೆಟ್ಟು ಮಣ್ಣಿಗೆ ತಾಗಿದರೆ ಹೊಲ ಕೊಚ್ಚಿಹೋಗುತ್ತದೆ. ಪೆಟ್ಟು ತಿನ್ನುವುದು ಕಲ್ಲು, ಮಣ್ಣು ಉಳಿಯುತ್ತದೆ.

ಅಮೆರಿಕದ ಇಂಜಿನಿಯರ್ ಕೆನ್ನೆತ್ ರೈಟ್ ಮತ್ತು ಅವರ ತಂಡ ಈ ಕಾಲುವೆಗಳನ್ನೆಲ್ಲ ಅಳೆದು, 2006ರಲ್ಲಿ ಟಿಪೋನಿನ ನೀರಿನ ವ್ಯವಸ್ಥೆಯ ಬಗ್ಗೆಯೇ ಒಂದು ಪುಸ್ತಕ ತಂದರು.

ಮಣ್ಣಿನ ಕೆಳಗೆ

ಇಂಕಾಗಳ ಮೆಟ್ಟಿಲು ಹೊಲ ಅಂದರೆ ಬರೀ ಗೋಡೆ ಕಟ್ಟಿ ಮಣ್ಣು ತುಂಬಿದ್ದಲ್ಲ. ಮಾಚು ಪಿಚುವಿನಲ್ಲಿ ಅಗೆದು ನೋಡಿದಾಗ ತಳದಲ್ಲಿ ದಪ್ಪ ಕಲ್ಲು, ಅದರ ಮೇಲೆ ಜಲ್ಲಿ-ಮರಳು, ಎಲ್ಲಕ್ಕೂ ಮೇಲೆ ಫಲವತ್ತಾದ ಮಣ್ಣು ಕಂಡಿತು. ಜೋರು ಮಳೆ ಬಂದರೆ ಹೆಚ್ಚಿನ ನೀರು ಬೇಗ ಕೆಳಗೆ ಬಸಿದು ಹೋಗುತ್ತದೆ. ಇಲ್ಲಾಂದ್ರೆ ನೆನೆದ ಮಣ್ಣಿನ ಭಾರಕ್ಕೆ ಗೋಡೆ ಉಬ್ಬಿ ಒಡೆಯುತ್ತಿತ್ತು. ಹಗಲಲ್ಲಿ ಬಿಸಿಲು ಕಾದ ಕಲ್ಲಿನ ಗೋಡೆ ರಾತ್ರಿ ನಿಧಾನವಾಗಿ ಶಾಖ ಬಿಡುತ್ತದೆ. ಗಿಡದ ಬುಡ ಹೆಪ್ಪುಗಟ್ಟದಂತೆ ಅದೂ ಕಾಯುತ್ತದೆ.

ತುದಿಯಲ್ಲಿ ನಿಂತು

ಶಕ್ತಿ ಉಳಿದವರು ಕಾಲುವೆಯ ಜೊತೆಗೇ ಮೇಲಕ್ಕೆ ಹತ್ತಬಹುದು. ಕ್ರೂಸ್‌ಮೋಕೊ ಎಂಬ ತುದಿ 3,900 ಮೀಟರಿಗೂ ಎತ್ತರ. ಅಲ್ಲಿ ಬಂಡೆಯ ಮೇಲೆ ಹಳೆಯ ಕೆತ್ತನೆಗಳಿವೆ. ಕೆಳಗೆ ನೋಡಿದರೆ ಹೊಲ, ಕಾಲುವೆ, ಊರು ಎಲ್ಲಾ ಒಂದೇ ನಕ್ಷೆಯಂತೆ ಕಾಣುತ್ತವೆ.

ಇದನ್ನು ಕಟ್ಟಿದವರ ಹತ್ತಿರ ಕಬ್ಬಿಣದ ಉಳಿ ಇರಲಿಲ್ಲ, ಗಾಡಿಯ ಚಕ್ರ ಇರಲಿಲ್ಲ, ನಾವು ಬರೆಯುವಂಥ ಲಿಪಿಯೂ ಇರಲಿಲ್ಲ. ಲೆಕ್ಕ ಇಡುತ್ತಿದ್ದದ್ದು ಕಿಪು ಎಂಬ ಗಂಟು ಹಾಕಿದ ದಾರಗಳಲ್ಲಿ. ಹಾಗಾದರೆ ಅವರಿಗೆ ವಿಜ್ಞಾನ ಗೊತ್ತಿತ್ತಾ? ಅವರ ಕಾಲುವೆಯಲ್ಲಿ ಇವತ್ತೂ ಹರಿಯುತ್ತಿರುವ ನೀರೇ ಇದಕ್ಕೆ ಉತ್ತರ. ಆ ಲೆಕ್ಕವನ್ನೆಲ್ಲ ಅವರು ಮಾತಾಡಿದ್ದು ಕೆಚುವಾ ಭಾಷೆಯಲ್ಲಿ. 1533ರಲ್ಲಿ ಸ್ಪೇನಿನವರು ಕುಸ್ಕೊ ಹಿಡಿದ ಮೇಲೆ ಆ ಭಾಷೆ ಮನೆಯ ಮಾತಾಗಿ ಹಿಂದೆ ಸರಿಯಿತು. ಪೆರು ಸರ್ಕಾರ ಅದನ್ನು ಅಧಿಕೃತ ಭಾಷೆ ಅಂತ ಒಪ್ಪಿದ್ದು 1975ರಲ್ಲಿ. ಈಗಲೂ ಲಕ್ಷಾಂತರ ಜನ ಅದನ್ನಾಡುತ್ತಾರೆ.

ನಮ್ಮ ಭಾಷೆಯಲ್ಲಿ ವಿಜ್ಞಾನ ಓದಿದರೆ ಏನು ಪ್ರಯೋಜನ ಅಂತ ಗಡಿನಾಡಿನ ನಮ್ಮ ಮಕ್ಕಳನ್ನು ಕೇಳುವವರಿದ್ದಾರೆ. ಅವರಿಗೆ ಟಿಪೋನಿನ ಕಾರಂಜಿಯ ಕಥೆ ಹೇಳಿ. ಜೊತೆಗೆ ಇದನ್ನೂ ಹೇಳಿ: ಮಲೇರಿಯಾ ಔಷಧಿ ಕ್ವಿನೈನ್‌ನ ಹೆಸರು ಬಂದದ್ದೇ ಕೆಚುವಾದ 'ಕಿನಾ' ಎಂಬ ಮಾತಿನಿಂದ. ಅದನ್ನು ಕೊಡುವ ಸಿಂಕೋನಾ ಗಿಡ 1860ರ ದಶಕದಲ್ಲಿ ಆಂಡೀಸಿನಿಂದ ನಮ್ಮ ನೀಲಗಿರಿಗೂ ಬಂತು.

ಚಿಂತೆಯ ಮಾತೂ ಒಂದಿದೆ. ಕಳೆದ ಆರು ದಶಕಗಳಲ್ಲಿ ಪೆರುವಿನ ಹಿಮನದಿಗಳ ಅರ್ಧಕ್ಕಿಂತ ಹೆಚ್ಚು ವಿಸ್ತೀರ್ಣ ಕರಗಿಹೋಗಿದೆ. ಬೇಸಿಗೆಯಲ್ಲಿ ಹಿಮದ ನೀರನ್ನೇ ನಂಬಿದ ಕಣಿವೆಗಳಿಗೆ ಇದು ದೊಡ್ಡ ಪೆಟ್ಟು. ಮಳೆಯನ್ನು ಬೆಟ್ಟದೊಳಗೆ ಇಳಿಸಿ, ಹಂಚಿ ಬಳಸುವ ಹಳೆಯ ಪಾಠ ಈಗ ಮತ್ತೆ ಬೇಕಾಗಿದೆ.

ನೀವೇ ಮಾಡಿ ನೋಡಿ

1. ತಳ ಕತ್ತರಿಸಿದ ಎರಡು ಪ್ಲಾಸ್ಟಿಕ್ ಬಾಟಲಿ ತೆಗೆದುಕೊಳ್ಳಿ. ಬಾಯಿಗೆ ತೆಳುಬಟ್ಟೆ ಕಟ್ಟಿ ತಲೆಕೆಳಗಾಗಿ ನಿಲ್ಲಿಸಿ. ಒಂದಕ್ಕೆ ಬರೀ ಮಣ್ಣು, ಇನ್ನೊಂದಕ್ಕೆ ಕಲ್ಲು, ಮರಳು, ಮಣ್ಣು ಈ ಕ್ರಮದಲ್ಲಿ ತುಂಬಿ. ಎರಡಕ್ಕೂ ಅರ್ಧ ಲೀಟರ್ ನೀರು ಹಾಕಿ. ಯಾವುದರಲ್ಲಿ ನೀರು ಬೇಗ ಬಸಿಯಿತು? ಯಾವ ನೀರು ತಿಳಿಯಾಗಿತ್ತು?

2. ನಿಮ್ಮೂರಿನ ಒರತೆ, ತೋಡು ಅಥವಾ ನಲ್ಲಿಯ ಕೆಳಗೆ 10 ಲೀಟರಿನ ಬಕೆಟ್ ಇಡಿ. ತುಂಬಲು ಎಷ್ಟು ಸೆಕೆಂಡ್ ಬೇಕು ನೋಡಿ. 8 ಸೆಕೆಂಡ್ ಆದರೆ ಹರಿವು ಸೆಕೆಂಡಿಗೆ 1.25 ಲೀಟರ್. ಇದನ್ನು ಮಳೆಗಾಲದಲ್ಲೊಮ್ಮೆ, ಬೇಸಿಗೆಯಲ್ಲೊಮ್ಮೆ ಅಳೆದು ನೋಟ್‌ಬುಕ್ಕಿನಲ್ಲಿ ತಾರೀಕು ಸಮೇತ ಬರೆದಿಡಿ. ನಿಮ್ಮೂರಿನ ನೀರಿನ ಲೆಕ್ಕ ನಿಮ್ಮ ಕೈಯಲ್ಲೇ ಇರಲಿ.