ಕಿವಿಯುಳ್ಳ ಯಂತ್ರ

ಯಂತ್ರವು ಪಾಠ ಹೇಳಬಲ್ಲುದೆಂಬುದನ್ನು ನಾವು ಬಹುಕಾಲದಿಂದ ಬಲ್ಲೆವು. ಮಗುವಿಗೆ ಏನು ತಿಳಿದಿಲ್ಲವೆಂಬುದನ್ನು ಅದು ಅರಿಯಬಲ್ಲುದೆ ಎಂಬುದು ಇನ್ನೂ ಕಠಿನವಾದ ಪ್ರಶ್ನೆ.

1975ರ ಆಗಸ್ಟಿನಿಂದ ಒಂದು ವರ್ಷ ಕಾಲ, ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿದ್ದ ಅಮೆರಿಕದ ಎ.ಟಿ.ಎಸ್.-6 ಉಪಗ್ರಹವು ಭಾರತದ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ದೂರದರ್ಶನವನ್ನು ತಲುಪಿಸಿತು. ಅಂದಿನ ಬಿಜಾಪುರ, ಗುಲ್ಬರ್ಗ, ರಾಯಚೂರು ಜಿಲ್ಲೆಗಳ ಹಳ್ಳಿಗಳೂ ಅವುಗಳಲ್ಲಿ ಸೇರಿದ್ದುವು. ಬೆಳಗಿನ ಹೊತ್ತು ಶಾಲೆಯ ಮಕ್ಕಳಿಗೆಂದೇ ಕಾರ್ಯಕ್ರಮಗಳಿದ್ದುವು. ಸಾಧನೆ ಅದ್ಭುತವೇ ಸರಿ. ಆದರೆ ಆ ಪೆಟ್ಟಿಗೆಗೆ ಬಾಯಿಯಿತ್ತು, ಕಿವಿಯಿರಲಿಲ್ಲ. ಎದುರು ಕುಳಿತ ಮಗುವಿಗೆ ಅರ್ಥವಾಯಿತೊ ಇಲ್ಲವೊ, ಅದು ತಿಳಿಯುವ ಬಗೆಯಿರಲಿಲ್ಲ.

ಈ ಕೊರತೆಯನ್ನು ಅದಕ್ಕೂ ಮೊದಲೇ ಮನಗಂಡವರುಂಟು. ಅಮೆರಿಕದ ಮನಶ್ಶಾಸ್ತ್ರಜ್ಞ ಬಿ. ಎಫ್. ಸ್ಕಿನ್ನರ್ 1953ರಲ್ಲಿ ತಮ್ಮ ಮಗಳ ಗಣಿತದ ತರಗತಿಯನ್ನು ನೋಡಿದರು. ಎಲ್ಲರಿಗೂ ಒಂದೇ ವೇಗ. ಮಾಡಿದ ಲೆಕ್ಕ ಸರಿಯೊ ತಪ್ಪೊ ಎಂಬುದು ಯಾರಿಗೂ ಒಡನೆ ತಿಳಿಯುತ್ತಿರಲಿಲ್ಲ. ಅವರು ನಿರ್ಮಿಸಿದ ಬೋಧನಯಂತ್ರವು ಉತ್ತರದ ಸರಿತಪ್ಪನ್ನು ಆಗಲೇ ತಿಳಿಸುತ್ತಿತ್ತು. ಮಕ್ಕಳು ತಮ್ಮ ತಮ್ಮ ವೇಗದಲ್ಲಿ ಏರಬಹುದಾಗಿತ್ತು. ಏರಬೇಕಾದ ಮೆಟ್ಟಿಲು ಮಾತ್ರ ಎಲ್ಲರಿಗೂ ಒಂದೇ.

ಇಂದಿನ ಗಣಕಯಂತ್ರವು ಮೆಟ್ಟಿಲನ್ನೇ ಬದಲಿಸಬಲ್ಲುದು. 0.3ಕ್ಕಿಂತ 0.25 ದೊಡ್ಡದೆಂದು ಮಗುವೊಂದು ಹೇಳಿತೆನ್ನೋಣ. 3ಕ್ಕಿಂತ 25 ದೊಡ್ಡದೆಂಬ ನಿಯಮವನ್ನು ಅದು ದಶಮಾಂಶಕ್ಕೂ ಅನ್ವಯಿಸಿದೆ. ಇಂಥ ತಪ್ಪುಗಳು ಮತ್ತೆ ಮತ್ತೆ ಬಂದರೆ ಯಂತ್ರವು ಕಾರಣವನ್ನು ಊಹಿಸಿ ಮಗುವನ್ನು ಸ್ಥಾನಬೆಲೆಯ ಪಾಠಕ್ಕೆ ಹಿಂದಿರುಗಿಸುತ್ತದೆ. ತಪ್ಪು ಉತ್ತರವೂ ಒಂದು ಮಾಹಿತಿಯೇ ಅಲ್ಲವೆ?

2015ರಲ್ಲಿ ದೆಹಲಿಯ 619 ವಿದ್ಯಾರ್ಥಿಗಳಲ್ಲಿ ಈ ಕ್ರಮವನ್ನು ಪರೀಕ್ಷಿಸಲಾಯಿತು. ಚೀಟಿ ಎತ್ತಿ ಆರಿಸಿದ ಮಕ್ಕಳು ಶಾಲೆಯ ಹೊರಗೆ 45 ನಿಮಿಷ ಗಣಕಯಂತ್ರದ ಮುಂದೆ, 45 ನಿಮಿಷ ಉಪಾಧ್ಯಾಯರ ಬಳಿ ಕಲಿಯಬಹುದಾಗಿತ್ತು. ನಾಲ್ಕೂವರೆ ತಿಂಗಳಲ್ಲಿ ಗಣಿತದಲ್ಲಿ ಅವರ ಪ್ರಗತಿ ಉಳಿದವರ ಪ್ರಗತಿಗಿಂತ ಇಮ್ಮಡಿಗೂ ಮೀರಿತು. ವಿಚಿತ್ರವೆಂದರೆ, ಶಾಲೆಯ ಗಣಿತದ ಪರೀಕ್ಷೆಯಲ್ಲಿ ಈ ಏಳಿಗೆ ಕಾಣಲಿಲ್ಲ. ಕಾರಣವನ್ನು ಊಹಿಸುವುದು ಕಷ್ಟವಲ್ಲ. ಮೂರನೆಯ ತರಗತಿಯ ಮಟ್ಟದಿಂದ ನಾಲ್ಕನೆಯದಕ್ಕೆ ಏರಿದ ಮಗುವಿನ ಶ್ರಮವನ್ನು ಏಳನೆಯ ತರಗತಿಯ ಪ್ರಶ್ನೆಪತ್ರಿಕೆ ಕಾಣುವುದೆಂತು? ಅದರ ಕಣ್ಣಿಗೆ ಆ ಮಗು ಅಂದೂ ದಡ್ಡ, ಇಂದೂ ದಡ್ಡ.

ಇಂಥ ಮಕ್ಕಳು ನಮ್ಮಲ್ಲಿ ವಿರಳರಲ್ಲ. 2018ರ ಅಸರ್ ಸಮೀಕ್ಷೆಯಂತೆ ಗ್ರಾಮಾಂತರ ಭಾರತದ ಐದನೆಯ ತರಗತಿಯ ಮಕ್ಕಳಲ್ಲಿ ಸುಮಾರು ಅರ್ಧದಷ್ಟು ಮಂದಿ ಎರಡನೆಯ ತರಗತಿಯ ಪಾಠವನ್ನು ಓದಲಾರದೆ ಇದ್ದರು. ಆದಕಾರಣ ಶಾಲೆಗೆ ಹೊಸ ಯಂತ್ರ ಬಂದಾಗ ನಾವು ಕೇಳಬೇಕಾದುದು ಇಷ್ಟು: ನಾಳೆ ಬೆಳಗ್ಗೆ ಯಾವ ಮಗುವಿನ ಪಕ್ಕದಲ್ಲಿ ಕುಳಿತು ಏನನ್ನು ಹೇಳಿಕೊಡಬೇಕೆಂಬುದನ್ನು ಇದು ಉಪಾಧ್ಯಾಯರಿಗೆ ತಿಳಿಸುವುದೆ?