ಹೆಸರಿಗೊಂದು ಮತ, ಕಾನೂನಿಗೆ ಹತ್ತು ಮತ

ಕ್ಯಾಲಿಫೋರ್ನಿಯಾದಲ್ಲಿ ಮತ ಹಾಕುವುದೆಂದರೆ ಬೆರಳಿಗೆ ಶಾಯಿ ಹಚ್ಚಿಸಿಕೊಂಡು, ಚಿಹ್ನೆ ಹುಡುಕಿ ಗುಂಡಿ ಒತ್ತಿ ಬಂದುಬಿಡುವ ಕೆಲಸವಲ್ಲ. 2024ರ ನವೆಂಬರ್ 5ರ ಚುನಾವಣೆಗಾಗಿ ನಮ್ಮ ಮನೆಗೆ ಅಂಚೆಯಲ್ಲಿ ಬಂದ ಮತಪತ್ರವನ್ನೇ ತೆಗೆದುಕೊಳ್ಳಿ. ಮೊದಲು ಅಧ್ಯಕ್ಷ ಸ್ಥಾನ. ಅದರ ಕೆಳಗೆ ಸೆನೆಟ್ ಸ್ಥಾನ, ಅದಕ್ಕೆ ಎರಡು ಸಲ ಮತ ಹಾಕಬೇಕು: ಒಂದು ಮುಂದಿನ ಪೂರ್ಣ ಅವಧಿಗೆ, ಇನ್ನೊಂದು ಸೆನೆಟರ್ ಡಯಾನ್ ಫೈನ್‌ಸ್ಟೈನ್ ತೀರಿಕೊಂಡ ಮೇಲೆ ಅವರ ಅವಧಿಯಲ್ಲಿ ಉಳಿದಿದ್ದ ಕೆಲವು ವಾರಗಳಿಗೆ. ಆಮೇಲೆ ಅಮೆರಿಕ ಸಂಸತ್ತಿನ ಕೆಳಮನೆಗೆ ನಮ್ಮ 17ನೇ ಕ್ಷೇತ್ರದ ಪ್ರತಿನಿಧಿ. ನಂತರ ರಾಜ್ಯದ ಶಾಸನಸಭೆ ಮತ್ತು ಸ್ಥಳೀಯ ಸಂಸ್ಥೆಗಳು. ಇಷ್ಟೂ ಹೆಸರುಗಳು ಮುಗಿದ ಮೇಲೆ ಪ್ರಶ್ನೆಗಳು ಶುರು. ರಾಜ್ಯದ್ದೇ 10 ಪ್ರಶ್ನೆಗಳು, ಅವುಗಳ ಹಿಂದೆ ನಗರದ್ದು. ಪ್ರತಿಯೊಂದೂ ಒಂದು ಕಾನೂನು, ಒಂದು ಸಾಲ ಅಥವಾ ಸಂವಿಧಾನದ ಒಂದು ತಿದ್ದುಪಡಿ. ಉತ್ತರ ‘ಹೌದು’ ಇಲ್ಲವೇ ‘ಬೇಡ’.

ಈ ಪ್ರಶ್ನೆಗಳನ್ನು ಇಲ್ಲಿ ‘ಪ್ರೊಪೊಸಿಷನ್’ ಎನ್ನುತ್ತಾರೆ, ಮಾತಿನಲ್ಲಿ ಬರೀ ‘ಪ್ರಾಪ್’. ನಾನು ತಿಪಟೂರಿನವಳು, ಈಗ ಸನ್ನಿವೇಲ್ ನಿವಾಸಿ. ಎರಡು ದೇಶಗಳ ಪೌರತ್ವವನ್ನು ಭಾರತದ ಕಾನೂನು ಒಪ್ಪುವುದಿಲ್ಲವಾದ್ದರಿಂದ, ಅಮೆರಿಕದ ಪ್ರಜೆಯಾದಾಗ ಊರಿನ ಮತದ ಹಕ್ಕನ್ನು ಬಿಟ್ಟುಕೊಟ್ಟೆ. ಹಾಗೆ ಬಿಟ್ಟುಕೊಟ್ಟು ಪಡೆದ ಹಕ್ಕು ಎಂಥದ್ದು ಎಂದು ನನಗೆ ಅರ್ಥವಾದದ್ದು ಮೇಲಿನ ಹೆಸರುಗಳಿಂದಲ್ಲ, ಕೆಳಗಿನ ಪ್ರಶ್ನೆಗಳಿಂದ.

ಕ್ಷೇತ್ರ ಮತ್ತು ಅಭ್ಯರ್ಥಿ

ನಮ್ಮ ಕ್ಷೇತ್ರದಲ್ಲಿ ಸುಮಾರು 7 ಲಕ್ಷ 60 ಸಾವಿರ ಜನ. ಸನ್ನಿವೇಲ್, ಕ್ಯುಪರ್ಟಿನೊ, ಸಾಂಟಾ ಕ್ಲಾರಾ, ಮಿಲ್ಪಿಟಾಸ್, ನ್ಯೂಅರ್ಕ್ ಊರುಗಳ ಜೊತೆಗೆ ಫ್ರೀಮಾಂಟ್ ಮತ್ತು ಸ್ಯಾನ್ ಹೋಸೆಯ ಕೆಲವು ಭಾಗಗಳು ಸೇರುತ್ತವೆ. ಆಪಲ್ ಮತ್ತು ಎನ್ವಿಡಿಯಾ ಕಂಪನಿಗಳ ಕೇಂದ್ರ ಕಚೇರಿಗಳು ಇಲ್ಲೇ ಇವೆ. ಹವಾಯಿ ಬಿಟ್ಟರೆ ಅಮೆರಿಕದಲ್ಲಿ ಏಷ್ಯಾ ಮೂಲದವರು ಅರ್ಧಕ್ಕಿಂತ ಹೆಚ್ಚಿರುವ ಮೊದಲ ಸಂಸತ್ ಕ್ಷೇತ್ರ ಇದು. 1973ರಲ್ಲಿ ಶುರುವಾದ ಉತ್ತರ ಕ್ಯಾಲಿಫೋರ್ನಿಯಾ ಕನ್ನಡ ಕೂಟದ ಎಷ್ಟೋ ಮನೆಗಳು ಈ ಊರುಗಳಲ್ಲೇ ಇವೆ.

ಅಭ್ಯರ್ಥಿಯ ಆಯ್ಕೆ ಇಲ್ಲಿ ಯಾವಾಗಲೂ ಸುಲಭವಾಗಿರಲಿಲ್ಲ. 2014 ಮತ್ತು 2016ರಲ್ಲಿ ಒಂದೇ ಪಕ್ಷದ ಇಬ್ಬರು ಎದುರುಬದುರಾಗಿದ್ದರು. ಒಬ್ಬರು ಮೈಕ್ ಹೊಂಡಾ. ಎರಡನೇ ಮಹಾಯುದ್ಧದ ಕಾಲದಲ್ಲಿ ಸರ್ಕಾರ ಜಪಾನಿ ಮೂಲದವರನ್ನು ಶಿಬಿರಗಳಲ್ಲಿ ಕೂಡಿಹಾಕಿದಾಗ ಕೊಲರಾಡೊದ ಶಿಬಿರದಲ್ಲಿ ಕೂಸಾಗಿ ಇದ್ದವರು, ಮುಂದೆ ಶಾಲಾ ಮೇಷ್ಟರಾಗಿದ್ದವರು. ಇನ್ನೊಬ್ಬರು ರೋ ಖನ್ನಾ. ಪಂಜಾಬಿ ತಂದೆತಾಯಿಗೆ ಫಿಲಡೆಲ್ಫಿಯಾದಲ್ಲಿ ಹುಟ್ಟಿದವರು. ಅವರ ತಾತ ಅಮರನಾಥ ವಿದ್ಯಾಲಂಕಾರ್ ಭಾರತದ ಸ್ವಾತಂತ್ರ್ಯ ಹೋರಾಟಗಾರರು, ಮುಂದೆ ಸಂಸದರೂ ಆದವರು. ಇಬ್ಬರೂ ಡೆಮಾಕ್ರಟಿಕ್ ಪಕ್ಷದವರೇ.

ಒಂದೇ ಪಕ್ಷದವರು ಅಂತಿಮ ಕಣದಲ್ಲಿ ನಿಲ್ಲುವುದಕ್ಕೂ ಒಂದು ಪ್ರಾಪ್ ಕಾರಣ. 2010ರಲ್ಲಿ ಮತದಾರರು ಒಪ್ಪಿದ ಪ್ರಾಪ್ 14ರ ಪ್ರಕಾರ ಮೊದಲ ಸುತ್ತಿನಲ್ಲಿ ಎಲ್ಲ ಪಕ್ಷದವರೂ ಒಟ್ಟಿಗೆ ಸ್ಪರ್ಧಿಸುತ್ತಾರೆ. ಹೆಚ್ಚು ಮತ ಪಡೆದ ಇಬ್ಬರು, ಯಾವ ಪಕ್ಷದವರಾದರೂ ಸರಿ, ನವೆಂಬರ್‌ಗೆ ಹೋಗುತ್ತಾರೆ. ಪಕ್ಷ ನೋಡಿ ಮತ ಹಾಕುವ ರೂಢಿ ಇದ್ದವರು ಆಗ ಮನುಷ್ಯರನ್ನು ನೋಡಬೇಕಾಯಿತು. ಕಾರ್ಮಿಕ ಸಂಘಟನೆಗಳು ಹೊಂಡಾ ಕಡೆ ನಿಂತವು, ಟೆಕ್ ಕಂಪನಿಗಳ ದೊಡ್ಡವರು ಖನ್ನಾ ಕಡೆ. 2014ರಲ್ಲಿ ಹೊಂಡಾ ಸುಮಾರು ಶೇ. 52 ಮತದಿಂದ ಉಳಿದುಕೊಂಡರು. ಎರಡೇ ವರ್ಷದಲ್ಲಿ ಖನ್ನಾ ಶೇ. 61 ಪಡೆದು ಗೆದ್ದರು.

2024ರಲ್ಲಿ ಖನ್ನಾ ಎದುರು ರಿಪಬ್ಲಿಕನ್ ಪಕ್ಷದ ಅನಿತಾ ಚೆನ್ ಇದ್ದರು. ಚಿಪ್ ತಯಾರಿಕೆಯನ್ನು ದೇಶಕ್ಕೆ ವಾಪಸ್ ತರುವ ಕಾನೂನಿಗೆ ಬೀಜ ಹಾಕಿದವರಲ್ಲಿ ಖನ್ನಾ ಒಬ್ಬರು, ಲಾಬಿಗಾರರ ದೇಣಿಗೆ ಮುಟ್ಟುವುದಿಲ್ಲ ಎಂಬುದು ಅವರ ಘೋಷಿತ ನಿಲುವು. ಮೂರರಲ್ಲಿ ಎರಡು ಪಾಲು ಮತ ಅವರಿಗೇ ಬಿತ್ತು. ಬಹಳ ಮನೆಗಳಲ್ಲಿ ಈ ಸಾಲಿನ ಮುಂದೆ ಪೆನ್ನು ತಡವರಿಸಲಿಲ್ಲ. ಪೆನ್ನು ನಿಂತದ್ದು ಪ್ರಶ್ನೆಗಳ ಪುಟ ಬಂದಾಗ.

ಜನರೇ ಕಾನೂನು ಬರೆಯುವ ಹಕ್ಕು

ಈ ಹಕ್ಕು ಬಂದದ್ದು 1911ರಲ್ಲಿ. ಆಗ ಸದರ್ನ್ ಪೆಸಿಫಿಕ್ ರೈಲು ಕಂಪನಿ ಶಾಸನಸಭೆಯನ್ನು ಮುಷ್ಟಿಯಲ್ಲಿ ಇಟ್ಟುಕೊಂಡಿದೆ ಎಂಬ ಸಿಟ್ಟು ರಾಜ್ಯದ ತುಂಬ ಇತ್ತು. ಅದೇ ಸಿಟ್ಟಿನ ಅಲೆಯಲ್ಲಿ ಗೆದ್ದ ಗವರ್ನರ್ ಹೈರಮ್ ಜಾನ್ಸನ್, ಶಾಸಕರನ್ನು ದಾಟಿ ಜನರೇ ಕಾನೂನು ಮಾಡುವ ದಾರಿ ತೆರೆದರು. ಈಗಿನ ಲೆಕ್ಕದಲ್ಲಿ ಸಾಮಾನ್ಯ ಕಾನೂನಿನ ಪ್ರಶ್ನೆಯೊಂದು ಮತಪತ್ರಕ್ಕೆ ಬರಬೇಕಾದರೆ 5,46,651 ಮತದಾರರ ಸಹಿ ಬೇಕು, ಸಂವಿಧಾನ ತಿದ್ದುಪಡಿಗೆ 8,74,641. ಕಳೆದ ಗವರ್ನರ್ ಚುನಾವಣೆಯಲ್ಲಿ ಬಿದ್ದ ಒಟ್ಟು ಮತಗಳ ಶೇ. 5 ಮತ್ತು ಶೇ. 8 ಇವು. ಅಂಗಡಿಗಳ ಬಾಗಿಲಲ್ಲಿ ಪ್ಯಾಡ್ ಹಿಡಿದು ‘ಒಂದು ಸಹಿ ಹಾಕಿ’ ಎನ್ನುವವರು ಸಿಗುವುದು ಇದಕ್ಕೇ. ಶಾಸನಸಭೆ ತಾನೇ ಕಳಿಸುವ ಪ್ರಶ್ನೆಗಳೂ ಇರುತ್ತವೆ. 2024ರಲ್ಲಿ 2ರಿಂದ 6ರವರೆಗಿನವು ಶಾಸಕರದ್ದು, 32ರಿಂದ 36 ಸಹಿ ಸಂಗ್ರಹಿಸಿ ಬಂದದ್ದು.

ಹೀಗೆ ಸಹಿಯ ಮೂಲಕ ಬಂದು ಗೆದ್ದ ಕಾನೂನನ್ನು ಶಾಸಕರು ತಮಗೆ ಬೇಕೆಂದಾಗ ಬದಲಿಸುವಂತಿಲ್ಲ. ಕಾನೂನೇ ಅದಕ್ಕೆ ಅವಕಾಶ ಬರೆದುಕೊಂಡಿರದಿದ್ದರೆ ಮತ್ತೆ ಜನರ ಮುಂದೆಯೇ ಬರಬೇಕು. 1978ರ ಪ್ರಾಪ್ 13 ನೋಡಿ. ಮನೆ ತೆರಿಗೆಯನ್ನು ಮನೆಯ ಮೌಲ್ಯದ ಶೇ. 1ಕ್ಕೆ ಕಟ್ಟಿತು, ಆ ಮೌಲ್ಯ ಮಾರಾಟವಾಗುವವರೆಗೂ ವರ್ಷಕ್ಕೆ ಶೇ. 2ಕ್ಕಿಂತ ಹೆಚ್ಚು ಏರದಂತೆ ಹಿಡಿಯಿತು. ಒಂದೇ ಬೀದಿಯ ಒಂದೇ ಥರದ ಎರಡು ಮನೆಗಳಲ್ಲಿ ಮೂವತ್ತು ವರ್ಷದಿಂದ ಇರುವವರು ಕಟ್ಟುವುದರ ಹಲವು ಪಟ್ಟು ತೆರಿಗೆಯನ್ನು ನಿನ್ನೆ ಕೊಂಡವರು ಕಟ್ಟುತ್ತಾರೆ. ಅಂದು ಹಾಕಿದ ಗುರುತು ಇಂದಿಗೂ ನಮ್ಮ ಬೀದಿಯ ತೆರಿಗೆ ಚೀಟಿಗಳಲ್ಲಿ ಕಾಣುತ್ತದೆ.

ಊಟದ ಮೇಜಿನ ಮೇಲೆ ಕೈಪಿಡಿ

ಮತಪತ್ರ ಅಕ್ಟೋಬರ್ ಮೊದಲ ವಾರದ ನಂತರ ಮನೆಗೆ ಬರುತ್ತದೆ, ಓದಿ ಯೋಚಿಸಲು ಸುಮಾರು ಒಂದು ತಿಂಗಳು ಸಿಗುತ್ತದೆ. ರಾಜ್ಯ ಕಳಿಸುವ ಕೈಪಿಡಿಯಲ್ಲಿ ಪ್ರತಿ ಪ್ರಶ್ನೆಗೂ ಸಾರಾಂಶ, ಶಾಸನಸಭೆಯ ನಿಷ್ಪಕ್ಷ ವಿಶ್ಲೇಷಕರ ಕಚೇರಿ ಮಾಡಿದ ಖರ್ಚಿನ ಲೆಕ್ಕ, ಪರ ವಾದ, ವಿರೋಧ ವಾದ, ಅವಕ್ಕೆ ಪ್ರತ್ಯುತ್ತರ ಇರುತ್ತವೆ. ಹಿಂದಿನ ಪುಟಗಳಲ್ಲಿ ಕಾನೂನಿನ ಪೂರ್ತಿ ಪಠ್ಯ: ತೆಗೆಯುವ ಮಾತುಗಳ ಮೇಲೆ ಅಡ್ಡಗೆರೆ, ಸೇರಿಸುವ ಮಾತುಗಳು ಓರೆ ಅಕ್ಷರದಲ್ಲಿ.

ಆ ಸಲ ಒಂದು ಭಾನುವಾರ ಸಂಜೆ ಕೆಲವು ಕನ್ನಡ ಮನೆಗಳವರು ನಮ್ಮಲ್ಲಿ ಸೇರಿ, ಕೈಪಿಡಿ ಬಿಡಿಸಿಕೊಂಡು ಕೂತೆವು. ಮೊದಲು ಸಾಲದ ಪ್ರಶ್ನೆಗಳು. ಪ್ರಾಪ್ 2 ಶಾಲಾ ಕಟ್ಟಡಗಳಿಗೆ 1,000 ಕೋಟಿ ಡಾಲರ್ ಬಾಂಡ್, ಪ್ರಾಪ್ 4 ನೀರು, ಕಾಡ್ಗಿಚ್ಚು, ಹವಾಮಾನದ ಕೆಲಸಗಳಿಗೆ ಇನ್ನೊಂದು 1,000 ಕೋಟಿ. ಮೊದಲ ಸಲ ಮತ ಹಾಕುತ್ತಿದ್ದ ನನ್ನ ಮಗಳು ವಿಶ್ಲೇಷಕರ ಪುಟ ತೆಗೆದು ಲೆಕ್ಕ ಹಾಕಿದಳು: ‘ಅಮ್ಮ, ವರ್ಷಕ್ಕೆ 50 ಕೋಟಿಯಂತೆ 35 ವರ್ಷ. ಸಾವಿರ ಕೋಟಿ ಸಾಲಕ್ಕೆ 1,750 ಕೋಟಿ ತೀರಿಸಬೇಕು.’ ಆ ಒಂದು ಗುಣಾಕಾರ ಮೇಜಿನ ಸುತ್ತ ಇದ್ದವರನ್ನೆಲ್ಲ ಎಚ್ಚರಿಸಿತು. ಸೋರುವ ಚಾವಣಿಯ ಶಾಲೆಗೆ ಆ ಬಡ್ಡಿ ಕಟ್ಟಬಹುದು ಎಂದವರೂ ಇದ್ದರು, ಬೇಡ ಎಂದವರೂ ಇದ್ದರು. ರಾಜ್ಯ ಎರಡಕ್ಕೂ ಹೌದು ಎಂದಿತು.

ಹೆಚ್ಚು ಹೊತ್ತು ಹಿಡಿದದ್ದು 33 ಮತ್ತು 34. ಪ್ರಾಪ್ 33 ಬಾಡಿಗೆ ನಿಯಂತ್ರಣದ್ದು. 1995ರ ರಾಜ್ಯ ಕಾನೂನೊಂದು ನಗರಗಳ ಕೈ ಕಟ್ಟಿತ್ತು, ಅದನ್ನು ತೆಗೆಯಬೇಕು ಎಂಬ ಪ್ರಸ್ತಾಪ. ಬಾಡಿಗೆ ಮನೆಯಲ್ಲಿರುವ ದಂಪತಿ ಹೌದು ಎಂದರು. ಒಂದು ಮನೆ ಬಾಡಿಗೆಗೆ ಕೊಟ್ಟವರು, ಹೀಗಾದರೆ ಹೊಸ ಮನೆ ಕಟ್ಟುವವರೇ ಇರುವುದಿಲ್ಲ ಎಂದರು. ಇಬ್ಬರ ಮಾತಿನಲ್ಲೂ ಹುರುಳಿತ್ತು. ಪ್ರಾಪ್ 34 ಆಸ್ಪತ್ರೆಗಳ ಬಗ್ಗೆ ಇದ್ದಂತೆ ಕಂಡಿತು: ಔಷಧಿ ರಿಯಾಯಿತಿಯಿಂದ ಬಂದ ಹಣದಲ್ಲಿ ಶೇ. 98ರಷ್ಟನ್ನು ರೋಗಿಗಳ ಆರೈಕೆಗೇ ಖರ್ಚು ಮಾಡಬೇಕು. ಇದಕ್ಕೆ ಯಾರು ತಾನೇ ಬೇಡ ಎನ್ನುತ್ತಾರೆ?

ಆಗ ಕಿರಿಯ ಗೆಳತಿಯೊಬ್ಬಳು, ‘ಅಕ್ಕಾ, ತಡೀರಿ. ಇದು ಯಾರಿಗೆ ಅನ್ವಯ ಆಗತ್ತೆ ನೋಡಿ’ ಎಂದು ಪೂರ್ತಿ ಪಠ್ಯದ ಪುಟಕ್ಕೆ ಬೆರಳಿಟ್ಟಳು. ಹತ್ತು ವರ್ಷಗಳಲ್ಲಿ ಆರೈಕೆ ಬಿಟ್ಟು ಬೇರೆ ಕೆಲಸಕ್ಕೆ 10 ಕೋಟಿ ಡಾಲರ್‌ಗೂ ಹೆಚ್ಚು ಖರ್ಚು ಮಾಡಿರಬೇಕು, ಜೊತೆಗೆ 500ಕ್ಕೂ ಹೆಚ್ಚು ಗಂಭೀರ ಸುರಕ್ಷತಾ ಲೋಪಗಳಿರುವ ವಸತಿ ಕಟ್ಟಡಗಳನ್ನೂ ನಡೆಸಿರಬೇಕು. ಇಂಥ ಷರತ್ತಿಗೆ ಹೊಂದುವ ಆಸ್ಪತ್ರೆ ಎಷ್ಟಿದ್ದೀತು? ಪ್ರಾಪ್ 33ಕ್ಕೆ, ಅದಕ್ಕೂ ಮೊದಲು 2018 ಮತ್ತು 2020ರ ಬಾಡಿಗೆ ಪ್ರಶ್ನೆಗಳಿಗೆ ಹಣ ಹಾಕಿದ್ದು ಏಡ್ಸ್ ಹೆಲ್ತ್‌ಕೇರ್ ಫೌಂಡೇಶನ್. ಪ್ರಾಪ್ 34ರ ಬೆನ್ನಿಗಿದ್ದದ್ದು ಬಾಡಿಗೆ ಕಟ್ಟಡಗಳ ಮಾಲೀಕರ ಸಂಘ. ಹಣ ಎಲ್ಲಿಂದ ಬಂತು ಎಂದು ನೋಡಿದ ಮೇಲೆ ಎರಡೂ ಒಂದೇ ಜಗಳದ ಎರಡು ಬದಿ ಎಂದು ಸ್ಪಷ್ಟವಾಯಿತು. ಒಂದು ಸಂಸ್ಥೆಯನ್ನು ಗುರಿಯಿಟ್ಟು ಕಾನೂನು ಬರೆಯುವುದು ಸರಿಯಲ್ಲ ಎಂದು ನಾನು 34ಕ್ಕೆ ಬೇಡ ಎಂದೆ. ರಾಜ್ಯದಲ್ಲಿ 33 ಶೇ. 60 ವಿರೋಧದಿಂದ ಸೋತಿತು, 34 ಕೂದಲೆಳೆ ಅಂತರದಲ್ಲಿ ಗೆದ್ದಿತು.

ನಮ್ಮ ಊರು, ಬೇರೆಯವರ ಊರು

ಪ್ರಾಪ್ 32 ಕನಿಷ್ಠ ಕೂಲಿಯನ್ನು ಗಂಟೆಗೆ 16 ಡಾಲರ್‌ನಿಂದ 18ಕ್ಕೆ ಏರಿಸುವುದು. ಸನ್ನಿವೇಲ್ ನಗರದ ಕನಿಷ್ಠ ಕೂಲಿ ಆಗಲೇ 18.55 ಡಾಲರ್ ಇತ್ತು. ನಮ್ಮೂರಿನಲ್ಲಿ ಏನೂ ಬದಲಾಗದ ಪ್ರಶ್ನೆಗೆ, ತೋಟಗಳ ನಾಡಾದ ಸೆಂಟ್ರಲ್ ವ್ಯಾಲಿಯ ಕೂಲಿಯವರ ಪರವಾಗಿ ಮತ್ತು ಅಲ್ಲಿನ ಸಣ್ಣ ಅಂಗಡಿಯವರ ಪರವಾಗಿ ನಾವು ಯೋಚಿಸಬೇಕಿತ್ತು. ಅದು ಶೇ. 51ರ ಹತ್ತಿರದ ವಿರೋಧದಿಂದ ಸೋತಿತು. ಪ್ರಾಪ್ 36, ಅಂಗಡಿ ಕಳ್ಳತನ ಮತ್ತು ಮಾದಕ ವಸ್ತುಗಳಿಗೆ ಶಿಕ್ಷೆ ಹೆಚ್ಚಿಸುವ ಕಾನೂನು. ಗವರ್ನರ್ ಗ್ಯಾವಿನ್ ನ್ಯೂಸಮ್ ಬೇಡ ಎಂದರು, ಅವರದೇ ಪಕ್ಷದ ಸ್ಯಾನ್ ಹೋಸೆ ಮೇಯರ್ ಮ್ಯಾಟ್ ಮಹಾನ್ ಬೇಕು ಎಂದರು. ಶಾಂಪೂ ಬಾಟಲಿಗೂ ಬೀಗ ಹಾಕಿದ ಗಾಜಿನ ಕಪಾಟುಗಳನ್ನು ನೋಡಿ ಬೇಸತ್ತಿದ್ದ ಜನ ಶೇ. 68ರಷ್ಟು ಹೌದು ಎಂದರು.

ನನ್ನನ್ನು ನೋಯಿಸಿದ ಫಲಿತಾಂಶ ಪ್ರಾಪ್ 6. ಸೆರೆಮನೆಯಲ್ಲಿ ಕೈದಿಗಳಿಂದ ಬಲವಂತದ ದುಡಿಮೆ ಮಾಡಿಸಲು ಬಿಡುವ ಮಾತನ್ನು ರಾಜ್ಯದ ಸಂವಿಧಾನದಿಂದ ತೆಗೆಯಬೇಕು ಎಂಬುದಿಷ್ಟೇ ಅದರ ತಿರುಳು. ಕೈಪಿಡಿಯಲ್ಲಿ ಇದರ ವಿರುದ್ಧ ವಾದ ಬರೆದು ಕೊಟ್ಟವರು ಒಬ್ಬರೂ ಇರಲಿಲ್ಲ. ಆದರೂ ಸೋತಿತು. ಎದುರಾಳಿ ಇಲ್ಲದಿದ್ದರೂ ವಿವರಿಸಿ ಹೇಳುವವರಿಲ್ಲದ ಪ್ರಶ್ನೆ ಸೋಲಬಹುದು ಎನ್ನುವುದಕ್ಕೆ ಇದೇ ಸಾಕ್ಷಿ.

ಗ್ರಂಥಾಲಯದ ಲೆಕ್ಕ ಇನ್ನೊಂದು ಪಾಠ. ಸನ್ನಿವೇಲ್‌ನ ಮುಖ್ಯ ಗ್ರಂಥಾಲಯ 1960ರದ್ದು. ಹೊಸದನ್ನು ಕಟ್ಟಲು 29 ಕೋಟಿ ಡಾಲರ್ ಬಾಂಡ್ ಕೇಳಿದ ನಗರದ ಪ್ರಶ್ನೆ, ‘ಮೆಷರ್ ಇ’, ಅದೇ ಮತಪತ್ರದಲ್ಲಿತ್ತು. 2000ದ ಒಂದು ಪ್ರಾಪ್‌ನಿಂದಾಗಿ ಶಾಲೆಯ ಬಾಂಡಿಗೆ ಶೇ. 55 ಮತ ಸಾಕು, ಗ್ರಂಥಾಲಯಕ್ಕೆ ಮಾತ್ರ ಮೂರರಲ್ಲಿ ಎರಡು ಪಾಲು ಬೇಕು. ಮನೆ, ರಸ್ತೆ, ಗ್ರಂಥಾಲಯದಂಥ ಕೆಲಸಗಳಿಗೂ ಶೇ. 55 ಸಾಕು ಎನ್ನುವ ಪ್ರಾಪ್ 5 ಅದೇ ದಿನ ರಾಜ್ಯದಲ್ಲಿ ಸೋತಿತು. ನಮ್ಮೂರಿನವರು ಕಷ್ಟದ ಗಡಿಯನ್ನೇ ದಾಟಿ ಗ್ರಂಥಾಲಯವನ್ನು ಗೆಲ್ಲಿಸಿಕೊಂಡರು. ಸ್ವಯಂಸೇವಕರು ಬಾಗಿಲಿಂದ ಬಾಗಿಲಿಗೆ ಹೋಗಿ ಮಾತಾಡುವುದಕ್ಕೆ ಎಷ್ಟು ಬೆಲೆಯಿದೆ ಎಂದು ಇಂಥ ಕಡೆ ಗೊತ್ತಾಗುತ್ತದೆ.

ಕ್ಷೇತ್ರದ ಗಡಿಯೂ ಮತದಾರರ ಕೈಯಲ್ಲಿ

ನಮ್ಮ ಕ್ಷೇತ್ರದ ಗೆರೆ ಎಳೆಯುವುದೂ ಪ್ರಾಪ್‌ಗಳ ಕಥೆಯೇ. 2008 ಮತ್ತು 2010ರಲ್ಲಿ ಮತದಾರರು ಈ ಅಧಿಕಾರವನ್ನು ರಾಜಕಾರಣಿಗಳಿಂದ ಕಿತ್ತು 14 ನಾಗರಿಕರ ಆಯೋಗಕ್ಕೆ ಕೊಟ್ಟರು. ಟೆಕ್ಸಾಸ್ ತನ್ನ ಕ್ಷೇತ್ರಗಳನ್ನು ಜನಗಣತಿಗೆ ಕಾಯದೆ ಬದಲಿಸಿದಾಗ, 2025ರ ನವೆಂಬರ್ 4ರಂದು ಪ್ರಾಪ್ 50 ಬಂತು. ಆಯೋಗದ ನಕ್ಷೆಯನ್ನು 2030ರವರೆಗೆ ಬದಿಗಿಟ್ಟು ಶಾಸನಸಭೆಯ ನಕ್ಷೆ ಬಳಸಲು ಸುಮಾರು ಶೇ. 64 ಜನ ಒಪ್ಪಿದರು. ತಾವೇ ಕಟ್ಟಿದ ನಿಯಮವನ್ನು ತಾವೇ ಸಡಿಲಿಸಿದ ದಿನ ಅದು. ಅದನ್ನು ಅನಿವಾರ್ಯ ಎಂದವರೂ ಉಂಟು, ಅಪಾಯ ಎಂದವರೂ ಉಂಟು.

ಹಣದ ಆಟ ಇಲ್ಲಿ ಜೋರಾಗಿಯೇ ಇದೆ. 2020ರ ಪ್ರಾಪ್ 22ಕ್ಕಾಗಿ ಊಬರ್, ಲಿಫ್ಟ್, ಡೋರ್‌ಡ್ಯಾಶ್ ಮುಂತಾದ ಕಂಪನಿಗಳು 20 ಕೋಟಿ ಡಾಲರ್‌ಗೂ ಹೆಚ್ಚು ಸುರಿದು ಗೆದ್ದವು. ರೈಲು ಕಂಪನಿಯನ್ನು ಮಣಿಸಲು ಹುಟ್ಟಿದ ಹಕ್ಕನ್ನು ಇವತ್ತಿನ ಕಂಪನಿಗಳೂ ಬಳಸುತ್ತವೆ. ಇದಕ್ಕೆ ಮದ್ದು ಹಕ್ಕನ್ನು ಕಿತ್ತುಹಾಕುವುದಲ್ಲ, ಓದುವ ಮತದಾರರು ಹೆಚ್ಚುವುದು. ಮೇಜಿನ ಸುತ್ತ ಕೂತ ಆ ಸಂಜೆ ನಾವೆಲ್ಲ ಒಂದೇ ಥರ ಮತ ಹಾಕಲಿಲ್ಲ, ಹಾಕಬೇಕಾಗಿಯೂ ಇರಲಿಲ್ಲ. ಯಾಕೆ ಹಾಕುತ್ತಿದ್ದೇವೆ ಎಂಬುದು ಮಾತ್ರ ಪ್ರತಿಯೊಬ್ಬರಿಗೂ ಗೊತ್ತಿತ್ತು.

ನಮ್ಮ ಈ ಊರುಗಳಲ್ಲಿ ಹೊಸದಾಗಿ ಪೌರತ್ವ ಪಡೆಯುತ್ತಿರುವ ಕನ್ನಡದ ಬಂಧುಗಳಲ್ಲಿ ನನ್ನ ಕೋರಿಕೆ ಇಷ್ಟೇ. ಮತಪತ್ರ ಬಂದ ವಾರವೇ ನಾಲ್ಕು ಮನೆಯವರು ಒಟ್ಟಿಗೆ ಕೂತು ಕೊನೆಯ ಪುಟದಿಂದ ಓದಿ. ಪ್ರತಿ ಪ್ರಶ್ನೆಗೂ ಮೂರು ವಿಷಯ ಕೇಳಿಕೊಳ್ಳಿ: ಈಗಿರುವ ಕಾನೂನು ಏನು, ಇದಕ್ಕೆ ಹಣ ಹಾಕಿದವರು ಯಾರು, ಬೇಡ ಎಂದರೆ ಏನಾಗುತ್ತದೆ. ಲಕೋಟೆಯ ಮೇಲೆ ಸಹಿ ಹಾಕುವುದನ್ನು ಮರೆಯಬೇಡಿ, ಸಹಿ ಇಲ್ಲದ ಲಕೋಟೆಯನ್ನು ಸರಿಪಡಿಸುವವರೆಗೂ ಆ ಮತ ಎಣಿಕೆಗೆ ಸೇರುವುದಿಲ್ಲ. ನೀವು ಖಾಲಿ ಬಿಟ್ಟ ಪ್ರಶ್ನೆಯೂ ತೀರ್ಮಾನವಾಗಿಯೇ ಆಗುತ್ತದೆ, ನೀವಿಲ್ಲದೆ.